ಬದುವಿನ ಹಕ್ಕರಕಿ

ಸೊಪ್ಪನ್ನು ಯಾರಾದರೂ ಕಸ ಎಂದರೆ ಅಮರೇಶ್ವರಿಗೆ ಮೈ ಉರಿಯುತ್ತಿತ್ತು. ಅವಳು ಹುಟ್ಟಿ ಬೆಳೆದದ್ದು ಸಂತೆಕಲ್ಲೂರಿನ ಒಣಭೂಮಿಯಲ್ಲಿ. ಅಲ್ಲಿ ಜೋಳದ ಸಾಲಿನ ನಡುವೆ ಹಕ್ಕರಕಿ, ಗೋಳಿ, ಕಿರಕಸಾಲಿ ತಮ್ಮ ಪಾಡಿಗೆ ತಾವು ಹುಟ್ಟುತ್ತವೆ, ಹೆಂಗಸರು ಉಡಿ ತುಂಬಿಕೊಂಡು ಮನೆಗೆ ಬರುತ್ತಾರೆ. ಮದುವೆಯಾಗಿ ಬಂದದ್ದು ಬಳಗಾನೂರಿಗೆ. ಇಲ್ಲಿ ಕಾಲುವೆ ನೀರು, ಎತ್ತ ನೋಡಿದರೂ ನೆಲ್ಲು. ನೆಲ್ಲೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಾಯಬೇಕು, ಅದಕ್ಕೊಂದು ಎಣ್ಣಿ ಇದೆ. ಈ ಕಡೆಯವರು ಹೊಲಕ್ಕೆ ಹೊಡೆಯುವ ಔಷಧಿಗೆ ಎಣ್ಣಿ ಎಂದೇ ಅನ್ನುವುದು. ಹೊಸದಾಗಿ ಬಂದಾಗ ಅವಳು ಹಕ್ಕರಕಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಕ್ಕೆ ಅತ್ತೆಮನೆಯವರು ನಕ್ಕಿದ್ದರು. ಅದನ್ನು ಇಲ್ಲಿ ಎಮ್ಮೆಗೂ ಹಾಕುವುದಿಲ್ಲವಂತೆ.

ಮುಂದೆ ಪಂಚಾಯಿತಿ ಗ್ರಂಥಾಲಯದಲ್ಲಿ ಅವಳಿಗೆ ಕೆಲಸವಾಯಿತು. ಒಂದು ಸಲ ಲಿಂಗಸುಗೂರಿನಿಂದ ಸಂಸ್ಥೆಯೊಂದರವರು ಬಂದು, ಹೊಲದಲ್ಲಿ ತಾವಾಗಿ ಬೆಳೆಯುವ ಸೊಪ್ಪಿನ ಗಿಡಗಳ ಬಣ್ಣದ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಊರಿನ ಹೆಂಗಸರು ಕೂಡಿ ಇವನ್ನೆಲ್ಲ ಗುರುತು ಹಿಡಿಯುವುದನ್ನು ಕಲಿಯಬೇಕು ಎಂದು ಭಾಷಣ ಮಾಡಿ ಹೋದರು. ಬೇರೆ ಯಾರಾದರೂ ಆಗಿದ್ದರೆ ಆ ಚಿತ್ರಗಳು ಗೋಡೆಯಲ್ಲೇ ಮಾಸುತ್ತಿದ್ದವು. ಅಮರೇಶ್ವರಿ ಬಿಡಲಿಲ್ಲ. ಓಣಿಯ ಹೆಂಗಸರನ್ನು ಹುರಿದುಂಬಿಸಿ, ಗಂಡಂದಿರ ಕೈಯಲ್ಲಿ ಬೈಸಿಕೊಂಡು, ತಿಂಗಳಿಗೊಂದು ಸೊಪ್ಪಿನ ನಡಿಗೆ ಶುರು ಮಾಡಿಯೇಬಿಟ್ಟಳು. ಟಂಟಂ ಆಟೋ ಹತ್ತಿ ಸಂತೆಕಲ್ಲೂರಿಗೆ ಹೋಗುವುದು, ಅಲ್ಲಿ ಅವಳ ತಾಯಿ ಮಾರೆಮ್ಮ ಮುಂದೆ, ಉಳಿದವರು ಹಿಂದೆ.

ಮಾರೆಮ್ಮನ ಬಾಯಿಯೋ, ದೇವರೇ ಗತಿ. ಎಲೆ ತಪ್ಪು ಹೇಳಿದವರಿಗೆ ಎಮ್ಮೆಯಾದರೂ ಮೂಸಿ ನೋಡುತ್ತದೆ, ನಿನಗೆ ಅಷ್ಟೂ ತಿಳಿಯುವುದಿಲ್ಲವಾ ಎಂದು ಬೈಯುವಳು. ಬೈದು ಕೈಹಿಡಿದು ತೋರಿಸುವಳು. ಅವಳದೊಂದು ಪದ್ಧತಿ ಇತ್ತು. ಹಕ್ಕರಕಿಯನ್ನು ಮನೆಗೆ ಒಯ್ಯುವ ಮೊದಲು ಹೊಲದಲ್ಲೇ ನಿಂತು ತಿನ್ನಬೇಕು. ಕಿತ್ತು, ಅಂಗೈಗೆ ಬಡಿದು ಮಣ್ಣು ಉದುರಿಸಿ, ರೊಟ್ಟಿಯೊಳಗೆ ಶೇಂಗಾ ಹಿಂಡಿ ಚಟ್ನಿಯ ಜೊತೆ ಮಡಚಿ ಬಾಯಿಗಿಟ್ಟುಕೊಳ್ಳಬೇಕು. ತೊಳೆದರೆ ರುಚಿ ನೀರಿನ ಪಾಲಾಗುತ್ತದೆ ಎನ್ನುವಳು. ಅವಳ ಹೊಲಕ್ಕೆ ಅವಳ ಮಾತು ಸರಿಯಾಗಿಯೇ ಇತ್ತು. ಅಲ್ಲಿ ಎಲೆಯ ಮೇಲೆ ಮಣ್ಣು ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ.

ಈ ನಡಿಗೆಗಳನ್ನು ಒಂದೂ ತಪ್ಪಿಸದವಳು ಚಾಂದ್‌ಬೀ. ಅಮರೇಶ್ವರಿಯ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಮೇಲಿಂದ ಹಾಯ್ದ ಸಾರು ಪಲ್ಯ ಎಷ್ಟೋ, ಅತ್ತುಕೊಂಡದ್ದು ನಕ್ಕದ್ದು ಎಷ್ಟೋ. ಚಾಂದ್‌ಬೀಗೆ ಇದ್ದವಳು ಒಬ್ಬಳೇ ಮಗಳು, ವಸೀಮಾ. ಮಸ್ಕಿಗೆ ಕೊಟ್ಟಿದ್ದರು, ಟಂಟಂ ಓಡಿಸುವ ಸಮೀಉಲ್ಲಾನಿಗೆ. ಎಳ್ಳಮಾಸಿ ಹಬ್ಬ ಕಳೆದ ಮೇಲೆ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಹುಡುಗಿ ಹಕ್ಕರಕಿಗೆ ಆಸೆಪಟ್ಟಳು. ಹೊಟ್ಟೆ ಹೊತ್ತವಳನ್ನು ಆ ಹಾಳು ರಸ್ತೆಯಲ್ಲಿ ಸಂತೆಕಲ್ಲೂರಿಗೆ ಕರೆದೊಯ್ಯುವುದು ಹೇಗೆ? ತಂದುಕೊಡುತ್ತೇನೆಂದರೆ ಒಲ್ಲೆ, ಎಲ್ಲರ ಜೊತೆ ಹೊಲದಲ್ಲೇ ನಿಂತು ತಿನ್ನಬೇಕು ಎಂದಳು. ಅಮರೇಶ್ವರಿ ಆ ಹುಡುಗಿಯನ್ನು ಸೊಂಟದ ಮೇಲೆ ಹೊತ್ತು ಆಡಿಸಿದವಳು. ಆಗಲಿ, ಈ ಸಲದ ನಡಿಗೆ ನಮ್ಮೂರಲ್ಲೇ ಎಂದುಬಿಟ್ಟಳು. ಕಾಲುವೆ ದಂಡೆಯ ಬೀಳು ಜಾಗದಲ್ಲಿ ಹಕ್ಕರಕಿ ಇರುವುದನ್ನು ಅವಳು ಕಂಡಿದ್ದಳು.

ಮಾರೆಮ್ಮ ಬೆಳಗಿನ ಬಸ್ಸಿಗೆ ಬಂದಳು. ಹೆಂಗಸರೆಲ್ಲ ರೊಟ್ಟಿ ಕಟ್ಟಿಕೊಂಡು ಹೊರಟರು. ಹೋಗಿ ನೋಡಿದರೆ ಕಾಲುವೆ ದಂಡೆ ಕರ್ರಗಾಗಿ ಬಿದ್ದಿದೆ. ಯಾರೋ ಒಣಹುಲ್ಲಿಗೆ ಬೆಂಕಿ ಹಚ್ಚಿದ್ದಾರೆ, ಹಸಿರು ಎಂಬುದು ಹೆಸರಿಗೂ ಇಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಸೀಮಾ ಸಣ್ಣ ಮುಖ ಮಾಡಿದಳು. ಅಮರೇಶ್ವರಿಗೆ ನಾಚಿಕೆಯಾಯಿತು. ಇಷ್ಟು ಜನರನ್ನು ಕರೆತಂದು ಬರಿಗೈಯಲ್ಲಿ ಕಳಿಸುವುದೇ? ಆಗ ಅಲ್ಲೇ ಮುಂದಿದ್ದ ತಮ್ಮದೇ ಗದ್ದೆ ಅವಳ ಕಣ್ಣಿಗೆ ಬಿತ್ತು. ಎರಡನೇ ಬೆಳೆಗೆ ನೀರು ಕಟ್ಟಿದ್ದ ಗದ್ದೆ, ಅದರ ಬದುವಿನ ಉದ್ದಕ್ಕೂ ಹಕ್ಕರಕಿ ಹಾಸಿಕೊಂಡಿತ್ತು.

ಗಂಡ ವೀರೇಶನಿಗೆ ಒಂದು ಮಾತು ಕೇಳಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ. ಸಂತೆಕಲ್ಲೂರಿನಲ್ಲಿ ಬದುವಿನ ಸೊಪ್ಪಿಗೆ ಯಾರು ಯಾರನ್ನು ಕೇಳುತ್ತಾರೆ? ಹೊಲ ಗೌಡರದೇ ಇರಲಿ, ಬಡವನದೇ ಇರಲಿ, ಸೊಪ್ಪು ಕಿತ್ತವರದು. ಕೇಳಿದರೆ ಹೊಲದವನೇ ಇದೇನು ಹೊಸತು ಎಂದು ಮುಖ ನೋಡುತ್ತಾನೆ. ಆ ರೂಢಿ ಅವಳ ರಕ್ತದಲ್ಲಿತ್ತು. ನೀರಾವರಿ ಊರಿನಲ್ಲಿ ಇಷ್ಟು ವರ್ಷ ಬಾಳ್ವೆ ಮಾಡಿಯೂ ಹೋಗಿರಲಿಲ್ಲ.

ಹೆಂಗಸರು ಬದು ಹತ್ತಿದರು. ಮಾರೆಮ್ಮ ಒಂದು ಗಿಡ ಬುಡಸಮೇತ ಕಿತ್ತು, ನೆಲಕ್ಕೆ ಅಂಟಿದ ಎಲೆ, ಮುರಿದರೆ ಒಸರುವ ಹಾಲು, ಹಳದಿ ಹೂವು ಎಲ್ಲ ತೋರಿಸಿದಳು. ಆಮೇಲೆ ಎಳೆಯ ಎಲೆ ಆರಿಸಿ, ಅಂಗೈಗೆ ಬಡಿದು, ರೊಟ್ಟಿಯಲ್ಲಿ ಮಡಚಿ ತಾನೇ ವಸೀಮಾಳ ಕೈಗಿಟ್ಟಳು. ಹುಡುಗಿ ಬರಗೆಟ್ಟವಳ ಹಾಗೆ ತಿಂದಳು. ಮತ್ತೊಂದು ಕೇಳಿದಳು, ಮತ್ತೊಂದು ಕೊಟ್ಟರು. ರೊಟ್ಟಿ ತೀರಿದ ಮೇಲೂ ಬರಿ ಎಲೆ ಕಿತ್ತು ಮೇಯುತ್ತಿದ್ದಳು. ಎಲ್ಲರೂ ನಕ್ಕರು. ಉಳಿದವರು ಬಾಯಿರುಚಿಗೆ ಒಂದೆರಡು ಎಲೆ ತಿಂದು, ರಾತ್ರಿ ಪಲ್ಯಕ್ಕಾಯಿತೆಂದು ಉಡಿಯಲ್ಲಿ ತುಂಬಿಕೊಳ್ಳುತ್ತಿದ್ದರು.

ಅಮರೇಶ್ವರಿ ಕೈತೊಳೆಯಲು ಗದ್ದೆಗೆ ನೀರು ಹಾಯುವ ಮಡೆಯ ಹತ್ತಿರ ಬಗ್ಗಿದಳು. ನೀರಿನಲ್ಲಿ ಏಡಿಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು.

ಏಡಿ ಬದು ಕೊರೆದು ನೀರೆಲ್ಲ ಪಕ್ಕದ ಗದ್ದೆಗೆ ಸೋರುತ್ತಿದೆ ಎಂದು ವೀರೇಶ ನಾಲ್ಕಾರು ದಿನದಿಂದ ಕೂಗಾಡುತ್ತಿದ್ದ. ಅವಳು ಆಚೆ ಸರಿದು ಫೋನು ಹಚ್ಚಿದಳು. ಅವನು ಸಿಂಧನೂರಿನಲ್ಲಿದ್ದ. ಬದುವಿಗೆ ಏನಾದರೂ ಹಾಕಿದ್ದೀಯಾ ಎಂದು ಕೇಳಿದಳು. ಹೌದು, ನಿನ್ನೆ ಸಂಜೆ ಏಡಿಯ ತೂತಿಗೆಲ್ಲ ಎಣ್ಣಿ ಸುರಿದೆ, ತೂತು ಒಂದೇ ಎರಡೇ, ಬದು ತುಂಬ ಚೆಲ್ಲಿದೆ ಎಂದ. ಇವಳು ನಡೆದದ್ದು ಹೇಳಿದಳು.

"ಬಾಯಿ ಮುಚ್ಕೊಂಡಿರು," ಅಂದ. "ಅದು ಸರಕಾರದವರು ಬಂದ್ ಮಾಡಿದ ಮಾಲು. ಗೊತ್ತಾದ್ರ ನನ್ನ ಒಳಗ ಹಾಕ್ತಾರ. ಒಂದೆರಡು ಎಲಿಗೆ ಏನೂ ಆಗಂಗಿಲ್ಲ."

ಅವಳು ಹಿಂದಿರುಗಿ ಬಂದು ಹೆಂಗಸರಿಗೆ, ಸೊಪ್ಪು ಬಲಿತಿದೆ, ಪಲ್ಯ ಕಹಿಯಾಗುತ್ತದೆ, ಚೆಲ್ಲಿರಿ ಎಂದಳು. ಎಳೆಯ ಎಲೆ ಕಣ್ಣೆದುರಿಗಿದ್ದರೂ ಮಗಳು ಹೀಗೇಕೆ ಹೇಳುತ್ತಾಳೆ ಎಂದು ಮಾರೆಮ್ಮನ ಹುಬ್ಬು ಗಂಟಾಯಿತು. ಆದರೆ ನಾಲ್ಕು ಜನರ ಮುಂದೆ ಮಗಳ ಮಾತು ತೆಗೆದುಹಾಕಲಿಲ್ಲ. ಎಲ್ಲರೂ ಉಡಿ ಕೊಡವಿದರು. ನೀರಿನಲ್ಲಿ ಕೈ ತೊಳೆಯಲು ಹೋದವರನ್ನೂ ಅಮರೇಶ್ವರಿ ತಡೆದು ಕರೆತಂದಳು. ಇಷ್ಟು ಜನರನ್ನು ಉಳಿಸಿಕೊಂಡಳು. ತಿಂದಾಗಿದ್ದವಳಿಗೆ ಮಾತ್ರ ಒಂದು ಮಾತು ಹೇಳಲಿಲ್ಲ. ಹೇಳಬೇಕಾದ್ದು ಅವಳೊಬ್ಬಳಿಗೇ ಅಲ್ಲವೇ!

ಮನೆ ಮುಟ್ಟುವ ಮೊದಲೇ ವಸೀಮಾ ವಾಂತಿ ಮಾಡಿಕೊಂಡಳು. ಓಣಿಯಲ್ಲಿ ಯಾರಿಗೂ ಗಾಬರಿಯಾಗಲಿಲ್ಲ. ಬಸುರಿ ವಾಂತಿ ಮಾಡದೆ ಮತ್ತೇನು ಮಾಡುತ್ತಾಳೆ? ಬಿಸಿಲಲ್ಲಿ ತಿರುಗಿ ಬರಿ ಹೊಟ್ಟೆಗೆ ಹಸಿ ಎಲೆ ತಿಂದರೆ ಇನ್ನೇನಾಗುತ್ತದೆ ಎಂದು ಒಬ್ಬಳು, ಪಿತ್ತ ಎಂದು ಇನ್ನೊಬ್ಬಳು. ಜೊತೆಗೆ ಎಲೆ ತಿಂದಿದ್ದ ಇಬ್ಬರು ಮೂವರು ಹೆಂಗಸರಿಗೆ ಹೊಟ್ಟೆ ನುಲಿದರೂ ಅವರು ಅದನ್ನು ಹೇಳಿಕೊಳ್ಳಲಿಲ್ಲ. ಚಾಂದ್‌ಬೀ ನಿಂಬೆಹಣ್ಣು ಹಿಂಡಿ ಕುಡಿಸಿದಳು. ಮಾರೆಮ್ಮ ಮಧ್ಯಾಹ್ನದ ಬಸ್ಸಿಗೆ ಹೊರಟವಳು, ಹುಡುಗಿಯ ತಲೆ ಸವರಿ, ಮುಂದಿನ ಸಲ ಕೂಸನ್ನು ಕಟ್ಟಿಕೊಂಡು ಹೊಲಕ್ಕೆ ಬಾ ಎಂದು ಹೇಳಿ ಹೋದಳು.

ಅಮರೇಶ್ವರಿ ಹಾಸಿಗೆಯ ಪಕ್ಕದಲ್ಲೇ ಕೂತಿದ್ದಳು. ವಸೀಮಾಳ ಬಾಯಿಂದ ಜೊಲ್ಲು ನಿಲ್ಲದೆ ಸುರಿಯುತ್ತಿತ್ತು, ಇವಳು ಸೆರಗಿನಿಂದ ಒರೆಸುತ್ತಿದ್ದಳು. ಮೈಯೆಲ್ಲ ಬೆವರು, ಸೊಂಟದ ಕೆಳಗಿನ ಲಂಗ ಒದ್ದೆ. ಈಗ ಹೇಳುತ್ತೇನೆ ಎಂದುಕೊಳ್ಳುವಳು. ಇನ್ನೊಂದು ಸಲ ವಾಂತಿಯಾದರೆ ಎಲ್ಲ ಹೊರಗೆ ಬಂದೀತು, ಆಮೇಲೆ ಹೇಳಿದರಾಯಿತು ಎಂದುಕೊಳ್ಳುವಳು. ಪೊಲೀಸರ ಜೀಪು ಕಣ್ಣ ಮುಂದೆ ಬಂದು ನಿಲ್ಲುವುದು. "ಅಮರ ಖಾಲಾ, ಕಣ್ಣು ಮಂಜಾಗಾಕತ್ತಾವ," ಎಂದು ಹುಡುಗಿ ಅವಳ ಕೈ ಹಿಡಿದುಕೊಂಡಳು. ಆ ಕೈ ಹಿಡಿದುಕೊಂಡೇ ಸುಮ್ಮನಿದ್ದಳಲ್ಲ, ಎಂಥ ಕಲ್ಲು ಹೃದಯ ಎನ್ನುತ್ತೀರಿ. ಕಲ್ಲೇನೂ ಅಲ್ಲ. ಹೆದರಿಕೆ. ಹೆದರಿದವರು ಏನು ಬೇಕಾದರೂ ಮಾಡುತ್ತಾರೆ, ಏನೂ ಮಾಡದೆಯೂ ಕೂರುತ್ತಾರೆ.

ಹೊತ್ತು ಇಳಿಯುವಾಗ ಉಸಿರು ಕಟ್ಟತೊಡಗಿತು. ಮಸ್ಕಿಯಿಂದ ಓಡಿಬಂದ ಸಮೀಉಲ್ಲಾ ತನ್ನ ಟಂಟಂನಲ್ಲೇ ಹೆಂಡತಿಯನ್ನು ಮಲಗಿಸಿಕೊಂಡು ಸಿಂಧನೂರಿನ ಆಸ್ಪತ್ರೆಗೆ ಹೊಡೆದ. ಚಾಂದ್‌ಬೀ, ಅಮರೇಶ್ವರಿ ಜೊತೆಗಿದ್ದರು. ಡಾಕ್ಟರು ಕಣ್ಣು ಬಿಡಿಸಿ ನೋಡಿದವರೇ, ಹೊಲದ ಔಷಧಿ ಏನಾದರೂ ಹೊಟ್ಟೆಗೆ ಹೋಗಿದೆಯಾ ಎಂದು ಕೇಳಿದರು. ಯಾವುದೆಂದು ಗೊತ್ತಾದರೆ ಒಳ್ಳೆಯದು, ಎಷ್ಟು ಹೊತ್ತಿಗೆ ಎಂದಾದರೂ ಹೇಳಿ ಎಂದರು. ಸಮೀಉಲ್ಲಾ ಅತ್ತೆಯ ಮುಖ ನೋಡಿದ. ಚಾಂದ್‌ಬೀ ಅಮರೇಶ್ವರಿಯ ಮುಖ ನೋಡಿದಳು.

"ಎಣ್ಣಿ ಗಿಣ್ಣಿ ಏನಿಲ್ರೀ ಸರ," ಅಂದಳು ಅಮರೇಶ್ವರಿ. "ಅಡವಿ ಸೊಪ್ಪು ತಿಂದಾಳ. ಯಾವುದೋ ಕೆಟ್ಟ ಎಲಿ ಅದರಾಗ ಕೂಡಿರಬೇಕು."

ಹೇಳುವಾಗ ಅವಳಿಗೆ ತಾಯಿಯ ನೆನಪೇ ಆಗಲಿಲ್ಲ. ಎಲೆ ಆರಿಸಿ ಕೈಗಿಟ್ಟವರು ಯಾರು ಎಂಬುದು ಆ ಗಳಿಗೆಯಲ್ಲಿ ಅವಳ ತಲೆಗೆ ಬರಲಿಲ್ಲ. ಪೊಲೀಸು, ಗಂಡ, ಬದು ಅಷ್ಟೇ ಇತ್ತು. ಡಾಕ್ಟರು ನಂಬಿದರೋ ಬಿಟ್ಟರೋ, ಸೂಜಿಗಳಂತೂ ಚುಚ್ಚಿದರು. ತಡವಾಗಿದೆ, ಇಲ್ಲಿ ಆಗುವುದಿಲ್ಲ, ರಾಯಚೂರಿಗೆ ಒಯ್ಯಿರಿ ಎಂದು ಆಂಬುಲೆನ್ಸ್ ಹತ್ತಿಸಿದರು. ಮಾನ್ವಿ ದಾಟುವ ಮೊದಲೇ ವಸೀಮಾ ಹೋಗಿಬಿಟ್ಟಳು, ಹೊಟ್ಟೆಯ ಕೂಸೂ ಹೋಯಿತು. ಕೊಯ್ಯುವುದು ಗಿಯ್ಯುವುದು ಬೇಡವೆಂದು ಸಮೀಉಲ್ಲಾ ಹಟ ಹಿಡಿದು ಹೆಣವನ್ನು ಊರಿಗೆ ತಿರುಗಿಸಿದ. ಬಳಗಾನೂರಿನ ಮಣ್ಣಿಗೇ ಇಟ್ಟರು.

ಆಸ್ಪತ್ರೆಯಲ್ಲಿ ಅಂದ ಆ ಮಾತು ಅಮರೇಶ್ವರಿಗಿಂತ ಮೊದಲು ಊರು ಸೇರಿತ್ತು. ಸಂತೆಕಲ್ಲೂರಿನ ಮುದುಕಿ ಕಣ್ಣು ಕಾಣದೆ ವಿಷದ ಎಲೆ ತಿನಿಸಿದಳು ಎಂದು ಚಹಾದ ಅಂಗಡಿಯಲ್ಲಿ ಶುರುವಾದದ್ದು, ಬೇಕೆಂದೇ ತಿನಿಸಿದಳು ಎನ್ನುವವರೆಗೆ ಬೆಳೆಯಿತು. ಗ್ರಂಥಾಲಯದ ಗೋಡೆಯ ಚಿತ್ರಗಳನ್ನು ಯಾರೋ ಹರಿದು ಚರಂಡಿಗೆ ಹಾಕಿದರು. ನಡಿಗೆಗೆ ಬರುತ್ತಿದ್ದ ಹೆಂಗಸರೇ ಮನೆ ಹಿತ್ತಲಿನ ಹಸಿರನ್ನೆಲ್ಲ ಕಿತ್ತು ಬಿಸಾಕಿದರು, ಪುಂಡಿಪಲ್ಯವನ್ನೂ ಬಿಡಲಿಲ್ಲ. ಕೆಲವರ ಗಂಡಂದಿರು ಮನೆಯ ಸುತ್ತ ಎಣ್ಣಿ ಹೊಡೆದರು. ಅದಕ್ಕೆ ವೀರೇಶ ತನ್ನ ಪಂಪನ್ನೇ ಎರವಲು ಕೊಟ್ಟ! ನಾಚಿಕೆ ಬಿಟ್ಟವನಿಗೆ ಏನು ಹೇಳುವುದು.

ಮಣ್ಣಿಗಿಟ್ಟ ಮೂರನೇ ದಿನದ ಹೂವಿನ ಫಾತೆಹಾ ಮುಗಿದ ಮರುದಿನ ಸಮೀಉಲ್ಲಾ ಪೊಲೀಸ್ ಠಾಣೆಗೆ ಹೊರಟು ನಿಂತ. ಪಂಚಾಯಿತಿ ಮೆಂಬರ್ ಹನುಮಂತರಾಯ, ಎರಡೂ ಮನೆಗೆ ಬೇಕಾದವನು, ಅವನನ್ನು ತಡೆದು, ಮೊದಲು ಆ ಮುದುಕಿಯನ್ನು ಕರೆಸಿ ಕೇಳೋಣ, ಆಮೇಲೆ ಎಲ್ಲಿಗೆ ಬೇಕಾದರೂ ಹೋಗು ಎಂದ. ಹೇಳಿಕಳಿಸಿದ ಮೇಲೆ ಮಾರೆಮ್ಮ ಒಬ್ಬಳೇ ಬಸ್ಸಿಗೆ ಬಂದಳು. ಮಗಳ ಮನೆಗೂ ಹೋಗದೆ ನೇರ ಪಂಚಾಯಿತಿ ಕಟ್ಟೆಗೆ ಬಂದು ನೆಲದ ಮೇಲೆ ಕೂತಳು. ಬೈಯುವ ಬಾಯಿ ಎಲ್ಲಿ ಹೋಗಿತ್ತೋ, ಸುದ್ದಿ ಕೇಳಿದಾಗಿನಿಂದ ಅವಳು ಊಟ ಬಿಟ್ಟಿದ್ದಳಂತೆ.

ಜನ ಸೇರಿದ್ದರು. ಹನುಮಂತರಾಯ ಮೆತ್ತಗೆ ಕೇಳಿದ, ಅಮ್ಮ, ವಯಸ್ಸಾಗಿದೆ, ಕಣ್ಣು ಮಂಜು, ಯಾವುದೋ ಎಲೆ ತಪ್ಪಿ ಕೈಗೆ ಬಂದಿರಬಹುದು, ಒಪ್ಪಿಕೋ. ಮಾರೆಮ್ಮ ತಾನು ಕೊಟ್ಟದ್ದು ಹಕ್ಕರಕಿಯೇ ಎಂದಳು. ಬೇರೆ ಎಲೆ ಎಂದವರು ಯಾರು ಎಂದು ಕೇಳಿದಳು.

ಕಂಬಕ್ಕೆ ಒರಗಿ ಕೂತಿದ್ದ ಚಾಂದ್‌ಬೀ ತಲೆ ಎತ್ತಿದಳು. "ನಿನ್ನ ಮಗಳೇ ಅಂದಾಳವ್ವ. ಡಾಕ್ಟರ್ ಮುಂದ. ನಾ ಅಲ್ಲೇ ನಿಂತಿದ್ನಿ."

ಮಾರೆಮ್ಮ ಮಗಳ ಕಡೆ ತಿರುಗಿದಳು. ಬೈಯಲಿಲ್ಲ. ಎಲೆ ಗುರುತಿಸುವಾಗ ನೋಡುವ ಹಾಗೆ ಬಹಳ ಹೊತ್ತು ನೋಡಿದಳು. ಅಮರೇಶ್ವರಿ ಮೆಟ್ಟಿಲ ಕೆಳಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು, ಮುಖ ಎತ್ತಲು ಆಗಲಿಲ್ಲ.

"ಅದ ಬದುವಿಂದ ಒಂದು ಹಿಡಿ ಕಿತ್ಕೊಂಡು ಬರ್ರಿ," ಅಂದಳು ಮಾರೆಮ್ಮ. "ಎಲ್ಲಾರ ಮುಂದ ತಿಂತೀನಿ. ಕೆಟ್ಟ ಎಲಿ ಆಗಿದ್ರ ನಾನೂ ಆ ಕೂಸಿನ ಹಿಂದ ಹೋಗ್ತೀನಿ."

ಬೇಡವೆಂದು ಒಂದಿಬ್ಬರು ಅಂದರು. ಸಮೀಉಲ್ಲಾ ಬದು ಯಾವುದೆಂದು ಕೇಳಿಕೊಂಡು ಬೈಕು ಹತ್ತಿ ಹೋದ. ಅಮರೇಶ್ವರಿ ಗಂಡನನ್ನು ಹುಡುಕಿದಳು. ವೀರೇಶ ಗುಂಪಿನ ಹಿಂದೆ ನಿಂತು ಮೊಬೈಲು ಒತ್ತುತ್ತಿದ್ದ. ಆ ದಿನವಾದ ಮೇಲೂ ಏಡಿ ಪೂರ್ತಿ ಸತ್ತಿಲ್ಲವೆಂದು ಅವನು ಮತ್ತೊಂದು ಸಲ ಸುರಿದಿದ್ದ. ಅದು ಇವಳಿಗೆ ಗೊತ್ತಿತ್ತು. ಇವಳಿಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಒಮ್ಮೆ ಕಣ್ಣೆತ್ತಿ ಅವಳನ್ನು ನೋಡಿದ, ಸಣ್ಣಗೆ ತಲೆ ಅಲ್ಲಾಡಿಸಿದ, ಬೇಡ ಎನ್ನುವಂತೆ. ಯಾರನ್ನು ಉಳಿಸುವುದು ಬೇಡವೋ, ಅವನೇ ಬಲ್ಲ.

ಸಮೀಉಲ್ಲಾ ಒಂದು ಹಿಡಿ ಸೊಪ್ಪು ತಂದು ಮುದುಕಿಯ ಮುಂದೆ ಇಟ್ಟ. ಮಾರೆಮ್ಮ ಒಂದೊಂದೇ ಎಲೆ ಬಿಡಿಸಿ ಹನುಮಂತರಾಯನಿಗೆ ತೋರಿಸಿದಳು. ಹಕ್ಕರಕಿ ಹೌದೋ ಅಲ್ಲವೋ ಎಂದು ಸುತ್ತಲಿನ ಹೆಂಗಸರನ್ನು ಕೇಳಿದಳು. ಒಬ್ಬಿಬ್ಬರ ತಲೆ ತಮಗರಿಯದೆ ಆಡಿತು. ಅವಳೇ ಕಲಿಸಿದ್ದಲ್ಲವೇ. ಆಮೇಲೆ ಎಲೆಗಳನ್ನು ಅಂಗೈಗೆ ಬಡಿದು, ಉಂಡೆ ಮಾಡಿ, ಬಾಯಿಗೆ ಒಯ್ದಳು.

ಅಮರೇಶ್ವರಿ ಹೇಗೆ ಮೆಟ್ಟಿಲು ಹಾರಿದಳೋ ಅವಳಿಗೇ ತಿಳಿಯದು. ತಾಯಿಯ ಕೈಗೆ ಬಾರಿಸಿ ಸೊಪ್ಪು ಚೆಲ್ಲಿದಳು. ತುಟಿಯ ಮೇಲೆ ಅಂಟಿದ್ದ ಒಂದು ಚೂರನ್ನು ಬೆರಳಿನಿಂದ ಕಿತ್ತು ತೆಗೆದು, ಸೆರಗಿನಿಂದ ಆ ಬಾಯಿಯನ್ನು ಗಸಗಸ ಒರೆಸಿದಳು.

"ತಿನ್ನಬ್ಯಾಡ ಯವ್ವ. ಎಲಿ ಕೆಟ್ಟದ್ದಲ್ಲ. ನಮ್ಮ ಮನಿಯವರು ಬದುವಿಗೆ ಎಣ್ಣಿ ಸುರಿದಾರ. ಅವತ್ತೂ ಸುರಿದಿದ್ರು."

ಕಟ್ಟೆಯ ಮೇಲೆ ಗದ್ದಲವೆದ್ದಿತು. ವೀರೇಶ ಸರಿದುಹೋಗುವಷ್ಟರಲ್ಲಿ ಸಮೀಉಲ್ಲಾ ಅವನ ಕೊರಳಪಟ್ಟಿಗೆ ಕೈಹಾಕಿದ, ಜನ ಬಿಡಿಸಲು ಮುಗಿಬಿದ್ದರು. ಹನುಮಂತರಾಯ ಯಾರಿಗೋ ಫೋನು ಹಚ್ಚುತ್ತಿದ್ದ. ಚಾಂದ್‌ಬೀ ಮಾತ್ರ ಆ ಕಡೆ ನೋಡಲೇ ಇಲ್ಲ. ಕಂಬ ಹಿಡಿದು ಎದ್ದು, ನಿಧಾನವಾಗಿ ಅಮರೇಶ್ವರಿಯ ಎದುರಿಗೆ ಬಂದು ನಿಂತಳು.

"ನಿನಗ ಯಾವಾಗ ಗೊತ್ತಾತು?"

ಅಮರೇಶ್ವರಿ ತಾಯಿಯ ಬಾಯಿ ಒರೆಸುತ್ತಲೇ ಇದ್ದಳು.

"ನಮಗ ಸೊಪ್ಪು ಚೆಲ್ಲರಿ ಅಂದ್ಯಲ್ಲ. ಆವಾಗ ಗೊತ್ತಿತ್ತೇನು?"

"ಗೊತ್ತಿತ್ತು," ಅಂದಳು ಅಮರೇಶ್ವರಿ.

ಚಾಂದ್‌ಬೀ ಅವಳ ಮುಖವನ್ನು ನೋಡುತ್ತಲೇ ಇದ್ದಳು. ಹೊಡೆದಿದ್ದರೆ, ಶಾಪ ಹಾಕಿದ್ದರೆ, ಮಣ್ಣು ತೂರಿದ್ದರೆ ಅಮರೇಶ್ವರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಅದೊಂದನ್ನೂ ಮಾಡಲಿಲ್ಲ.

"ನಿಮ್ಮವ್ವನ ಸಲುವಾಗಿ ಬಾಯಿ ಬಂತಲ್ಲ ನಿನಗ," ಅಂದಳು. "ನನ್ನ ಮಗಳು ನಿನ್ನ ಕೈ ಹಿಡ್ಕೊಂಡಿದ್ಳು."

ಹೇಳಿ ಮೆಟ್ಟಿಲು ಇಳಿದಳು. ಮಾರೆಮ್ಮ ಮಗಳ ಸೆರಗನ್ನು ತನ್ನ ಬಾಯಿಯಿಂದ ಪಕ್ಕಕ್ಕೆ ಸರಿಸಿ, ನೆಲಕ್ಕೆ ಕೈಯೂರಿ ಎದ್ದಳು. ಅಮರೇಶ್ವರಿ ತೋಳು ಹಿಡಿಯಲು ಹೋದರೆ ಕೊಡಲಿಲ್ಲ. ಚಾಂದ್‌ಬೀಯ ಹಿಂದೆ ಹಿಂದೆಯೇ ನಡೆದು, ಅವಳನ್ನು ಕೂಡಿಕೊಂಡು, ಇಬ್ಬರೂ ಚಾಂದ್‌ಬೀಯ ಮನೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.